ನಲವತ್ತು ಬೂದುಗುಂಬಳ

ಒಂದು ಬೂದುಗುಂಬಳಕಾಯಿ ತರುವುದೇನು ಮಹಾಕಾರ್ಯವಲ್ಲ. ಮರುದಿನ ಭದ್ರಾವತಿಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ದೃಷ್ಟಿ ತೆಗೆದು ಒಡೆಯಲು ಕಾಯಿ ಒಂದೇ ಬೇಕು.

"ಮೂಲೆ ಅಂಗಡೀಲಿ ತಂದ್ಬಿಡಿ. ಇರೋದೊಂದೇ ಕೆಲಸ, ಇದನ್ನಾದ್ರೂ ನೆಟ್ಟಗೆ ಮಾಡಿ" ಎಂದಳು ಹೆಂಡತಿ ಸರೋಜ.

ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ಸ್ ಆಳಿದವನು ಮೂಲೆ ಅಂಗಡಿಗೆ ಹೋಗುವುದೇ? "ಶಿವಮೊಗ್ಗದ ದೊಡ್ಡ ಮಾರುಕಟ್ಟೆಯಿಂದಲೇ ತರ್ತೀನಿ, ನೋಡ್ತಿರು!" ಎಂದು ಘೋಷಿಸಿ ಮೊದಲ ಬಸ್ಸು ಹತ್ತಿದೆ.

ಮಾರುಕಟ್ಟೆ ಮಂಜಿನಲ್ಲಿ ತೇಲುತ್ತಿತ್ತು. ಎಲ್ಲೆಲ್ಲೂ ಕೊತ್ತಂಬರಿಯ ಒದ್ದೆ ಪರಿಮಳ. ಆಯನೂರು ಕಡೆಯ ಹೆಂಗಸರು ಶಾಲು ಹೊದ್ದು ಬೀನ್ಸ್ ರಾಶಿಯ ಹಿಂದೆ ಅರೆನಿದ್ದೆಯಲ್ಲಿದ್ದರು. ಅದರಾಚೆ ಬೂದುಗುಂಬಳದ ರಾಶಿ, ಆಕಾಶದಿಂದಿಳಿದು ದಣಿವಾರಿಸಿಕೊಳ್ಳುತ್ತಿರುವ ಮೋಡಗಳಂತೆ! ಒಂದನ್ನು ಸವರಿದೆ. ಅಂಗೈಗೆ ಬೂದಿ ಹತ್ತಿತು. ಎಲ್ಲಿದ್ದೇನೆಂಬುದೇ ಮರೆತುಹೋಯಿತು.

ಆಗ ದಲ್ಲಾಳಿಯೊಬ್ಬ ಬಂದು ನನ್ನ ಕೈಗೆ ಟವೆಲ್ ಹೊದಿಸಿ, ಅದರಡಿ ನನ್ನ ಎರಡು ಬೆರಳು ಹಿಡಿದ. ಚಳಿಯಲ್ಲಿ ನಿಂತ ಮುದುಕನ ಮೇಲೆ ಎಂಥ ಅಂತಃಕರಣ! ನನ್ನ ಕಣ್ಣು ತುಂಬಿಬಂತು. ಅವನ ಐದೂ ಬೆರಳನ್ನು ಪ್ರೀತಿಯಿಂದ ಅದುಮಿದೆ.

ಅವನು ಬೆಚ್ಚಿದ. "ಗ್ಯಾರಂಟಿನಾ ಸ್ವಾಮಿ?"

ಇನ್ನೊಮ್ಮೆ ಅದುಮಿದೆ.

"ಮುಗೀತು! ಪೂರ್ತಿ ರಾಶಿ ಯಜಮಾನ್ರದು!"

ಸುತ್ತಲಿನವರಿಗೆ ದರ ತಿಳಿಯದಂತೆ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಪದ್ಧತಿಯಿದೆ ಎಂಬುದು, ಅವನು ಕೇಳಿದ್ದರ ಎರಡು ಪಟ್ಟಿಗೂ ಹೆಚ್ಚು ದರಕ್ಕೆ ನಲವತ್ತು ಕಾಯಿ ಕೊಂಡ ಮೇಲೆ ನನಗೆ ತಿಳಿಯಿತು.

"ನನಗೆ ಒಂದೇ ಸಾಕಿತ್ತಪ್ಪ..."

"ಬೆರಳು ಕೊಟ್ರೆ ಮಾತು ಕೊಟ್ಟ ಹಾಗೆ ಮಾರಾಯ್ರೇ!"

ಲಗೇಜ್ ಆಟೋದವನು "ಕೇಟರಿಂಗಾ ಸಾರ್?" ಎಂದ. ಗಂಭೀರವಾಗಿ "ಹ್ಞೂಂ" ಎಂದೆ. ಬೇರೆ ದಾರಿ ಇರಲಿಲ್ಲ.

ಹೊಸ ಮನೆಯ ಹಾಲ್ ಬೂದುಗುಂಬಳದಿಂದ ತುಂಬಿತು. ಸರೋಜ ಬೈಯಲಿಲ್ಲ. ಅದೇ ಭಯ!

"ನಾಳೆ ಹೋಮ ಎಲ್ಲಿ ಮಾಡೋದು ರೀ, ಇವುಗಳ ತಲೆ ಮೇಲಾ? ಸಂಜೆಯೊಳಗೆ ಹಾಲ್ ಖಾಲಿ ಆಗ್ಬೇಕು."

ಆಜ್ಞೆಯನ್ನು ಶಿರಸಾವಹಿಸಿದೆ. ಎರಡು ಬೀದಿಯ ಮನೆಮನೆಗೂ ಕಾಯಿ ಹಂಚಿದೆ. ಬಾಗಿಲು ತೆಗೆಯದವರ ಮೆಟ್ಟಿಲ ಮೇಲಿಟ್ಟು ಬಂದೆ. ಸಂಜೆಗೆ ಹಾಲ್ ಕನ್ನಡಿಯಂತಾಯಿತು. ಇಂಥ ದಕ್ಷತೆಗೆ ಸನ್ಮಾನವೇ ಆಗಬೇಕಿತ್ತು!

ಬೆಳಿಗ್ಗೆ ಪುರೋಹಿತರು ಬಾಗಿಲಲ್ಲಿ ನಿಂತು, "ಎಲ್ಲಿ, ಕುಂಬಳಕಾಯಿ ತನ್ನಿ" ಎಂದರು.

ಇಡೀ ಮನೆ ನನ್ನನ್ನು ನೋಡಿತು.

ಪಂಚೆ ಎತ್ತಿ ಕಟ್ಟಿ ಬೀದಿಗೆ ಓಡಿದೆ. ಮೊದಲ ಮನೆಯಲ್ಲಿ ನಾನು ಕೊಟ್ಟದ್ದು ಮಜ್ಜಿಗೆಹುಳಿಯಾಗಿತ್ತು. ಎರಡನೆಯದರಲ್ಲಿ ಹಲ್ವ, ರುಚಿ ನೋಡಿ ಎಂದು ಬಟ್ಟಲು ಬೇರೆ ಕೊಟ್ಟರು. ಕೊನೆಗೆ ಬೀದಿಯ ತುದಿಯ ಮೆಕ್ಯಾನಿಕ್ ಅನ್ವರ್ ಮನೆಯ ಕಟ್ಟೆಯ ಮೇಲೆ ಒಂದು ಇಡಿಯಾಗಿ ಕೂತಿತ್ತು!

"ತಗೊಂಡೋಗಿ ಸಾರ್" ಎಂದ ಅನ್ವರ್. "ಆದ್ರೆ ಇದಕ್ಕೆ ಬದಲಾಗಿ ಇನ್ನೊಂದು ತಂದ್ಕೊಡ್ಬೇಡಿ, ಕೈ ಮುಗೀತೀನಿ!"

ಕಾಯಿ ಬಂತು. ಪುರೋಹಿತರು ಅದನ್ನು ಮನೆಗೆ ಮೂರು ಸುತ್ತು ನಿವಾಳಿಸಿ, ಇನ್ನೇನು ಒಡೆಯಬೇಕು, ಸರೋಜ ಕೈ ಅಡ್ಡ ಹಿಡಿದಳು.

"ತಡೀರಿ ಭಟ್ರೇ, ಇವರಿಗೂ ನಿವಾಳಿಸಿ. ಮೂರು ಸುತ್ತು ಸಾಲಲ್ಲ, ಒಂಬತ್ತು!"