ಕೊಳೆಬಟ್ಟೆ ದಾಟದ ಹೊಸಿಲು

ಮನೆಗೆ ಮುಂಬಾಗಿಲು ಆರಿಸುವಾಗ ಊರಿಗೆ ಊರೇ ಸಲಹೆ ಕೊಡುತ್ತದೆ. ದಿಕ್ಕು ಯಾವುದು, ಮರ ಯಾವುದು, ಚಿಲಕ ಎಡಕ್ಕೋ ಬಲಕ್ಕೋ ಎಂದು, ಮದುವೆಗೆ ಕರೆದರೂ ಬಾರದ ನೆಂಟರು ಫೋನು ಮಾಡಿ ವಿಚಾರಿಸುತ್ತಾರೆ. ಆದರೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕೋಣೆಗೊಂದು ಬಾಗಿಲು ಬೇಕಾಗಿದೆ ಅಂದು ನೋಡಿ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ಹೀಗಾಗಿ ಈ ಒಂದು ವಿಷಯದಲ್ಲಾದರೂ ಯಾರ ಅಡ್ಡಿಯೂ ಇಲ್ಲದೆ ನಾನೇ ತೀರ್ಮಾನ ಮಾಡಬಹುದು ಎಂದು ನಂಬಿದ್ದೆ. ತಾಯಿ ಹೆಂಡತಿ ಇಬ್ಬರೂ ಇರುವ ಮನೆಯಲ್ಲಿ, ಐವತ್ತು ದಾಟಿದ ಗಂಡಸು ಹಾಗೆಲ್ಲ ನಂಬಬಾರದಿತ್ತು.

ಇದೆಲ್ಲ ಶುರುವಾದದ್ದು ವಾಷಿಂಗ್ ಮೆಷಿನ್ನಿನಿಂದ. ನಂಜನಗೂಡಿನ ನಮ್ಮ ಮನೆಯ ಒಳಗಿನ ಬಾತ್‌ರೂಮಿನಲ್ಲಿ ಒಬ್ಬರು ನಿಂತರೆ ಸೋಪಿಗೆ ಜಾಗವಿಲ್ಲ. ಆದ್ದರಿಂದ ಕೊಂಡು ತಂದ ಮೆಷಿನ್ನು ನಡುಮನೆಯಲ್ಲೇ ಠಿಕಾಣಿ ಹೂಡಿತು. ವಾರವೆಲ್ಲ ಹೂವಿನ ಬಟ್ಟೆ ಹೊದ್ದು ಮೇಜಿನ ವೇಷದಲ್ಲಿರುತ್ತಿತ್ತು. ಬಂದವರು ಅದರ ಮೇಲೆ ಕಾಫಿ ಲೋಟ ಇಟ್ಟು ರಾಜಕೀಯ ಮಾತಾಡುತ್ತಿದ್ದರು. ಭಾನುವಾರ ಬಂದರೆ ಅದರ ನಿಜರೂಪ. ಪೈಪು ಕಿತ್ತುಕೊಂಡು ನೆಲವೆಲ್ಲ ನೀರು. ಬಟ್ಟೆ ಹಿಂಡುವ ಹೊತ್ತಿಗೆ ಮೈಮೇಲೆ ದೇವರು ಬಂದಂತೆ ಕುಣಿದು ಜಾಗ ಬದಲಾಯಿಸುತ್ತಿತ್ತು. ಒಂದು ಸಲವಂತೂ ಟೀವಿಯ ಎದುರಿಗೇ ಬಂದು ನಿಂತು, ನಮ್ಮ ಅವ್ವನ ಧಾರಾವಾಹಿಗೆ ಅಡ್ಡವಾಗಿ ಸಾಕಷ್ಟು ಬೈಸಿಕೊಂಡಿತು. ನನ್ನ ಹೆಂಡತಿ ಜಯಂತಿ ಹೈಸ್ಕೂಲಿನಲ್ಲಿ ಟೀಚರು. ಅವಳಿಗಿರುವುದು ಒಂದೇ ಭಾನುವಾರ. ಅದು ನೆಲ ಒರೆಸುವುದರಲ್ಲೇ ಮುಗಿದುಹೋಗುತ್ತಿತ್ತು.

ಹಿತ್ತಿಲಲ್ಲಿ ನಮ್ಮದೊಂದು ಹಳೆಯ ಬಚ್ಚಲುಮನೆ ಇದೆ. ಎಣ್ಣೆಸ್ನಾನಕ್ಕೆ, ಇಲ್ಲವೇ ಕಟಿಂಗ್ ಮಾಡಿಸಿಕೊಂಡು ಬಂದವರು ಏನನ್ನೂ ಮುಟ್ಟದೆ ನೇರವಾಗಿ ಹೋಗಿ ತಲೆಗೆ ನೀರು ಹೊಯ್ದುಕೊಳ್ಳುವುದಕ್ಕೆ ಅದು. ಅದನ್ನೇ ಒಂದಿಷ್ಟು ಅಗಲಿಸಿ, ಮೂಲೆಯ ಹಂಡೆ ಅಲ್ಲೇ ಇರಲಿ, ಪಕ್ಕಕ್ಕೆ ಮೆಷಿನ್ನು ಇಡೋಣ ಎಂದು ತೀರ್ಮಾನವಾಯಿತು. ಹಿತ್ತಿಲಿನಿಂದ ಮಾತ್ರ ದಾರಿ. ಒಂದು ಬಾಗಿಲು, ಒಂದು ಕಿಟಕಿ. ಜಯಂತಿ ತರಗತಿಯಲ್ಲಿ ಪಾಠ ಹೇಳುವಂತೆ ಬಿಡಿಸಿ ಹೇಳಿದಳು: “ನೀರಿಗೆ ಉಬ್ಬದ ಪ್ಲಾಸ್ಟಿಕ್ ಬಾಗಿಲು ಸಾಕು. ಹೊಸಿಲು ಬೇಡವೇ ಬೇಡ, ಬಟ್ಟೆ ಬುಟ್ಟೀನ ಕಾಲಲ್ಲಿ ತಳ್ಕೊಂಡು ಹೋಗೋ ಹಾಗಿರ್ಬೇಕು. ಕಿಟಕಿ ಮಾತ್ರ ದೊಡ್ಡದಿರ್ಲಿ. ತಿಳೀತೇನ್ರೀ?” ತಿಳಿಯಿತು ಎಂದು ತಲೆಯಾಡಿಸಿದೆ. ಹಿಂದಿನ ಬೆಂಚಿನ ಹುಡುಗರೂ ಹಾಗೇ ಆಡಿಸುತ್ತಾರಂತೆ.

ಬಾಗಿಲಿನ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ಹುಲ್ಲಹಳ್ಳಿ ಕಡೆಯ ರೈತ. ಯಾರ ಮನೆಗೆ ಹೋದರೂ ಬೆರಳ ಗೆಣ್ಣಿನಿಂದ ಬಾಗಿಲು ಕುಟ್ಟಿ ನೋಡಿ, ‘ಹೊನ್ನೆ’, ‘ಹಲಸು’ ಎಂದು ಹೇಳಿದ ಮೇಲೆಯೇ ಕೂರುತ್ತಿದ್ದ. ಜಯಂತಿಯನ್ನು ನೋಡಲು ಬನ್ನೂರಿಗೆ ಹೋದಾಗಲೂ ಕಾಫಿ ಕುಡಿಯುತ್ತಲೇ ಬೆನ್ನ ಹಿಂದಿನ ಬಾಗಿಲು ಕುಟ್ಟಿದ. ಕಣ್ಣು ಮಂಜಾಗಿದ್ದ ಅವಳ ತಾತ ಒಳಗಿನಿಂದ “ಯಾರೋ ಬಂದವ್ರೆ, ಬನ್ನಿ ಬನ್ನಿ” ಅಂದರು. ಅಪ್ಪ ಮತ್ತೆ ಕುಟ್ಟಿದ, ತಾತ ಮತ್ತೆ ಕರೆದರು. ಕೊನೆಗೆ ‘ತೇಗ’ ಎಂದು ತೀರ್ಪು ಬಂತು, ಸಂಬಂಧ ಕುದುರಿತು. ಹುಡುಗಿ ಹೇಗಿದ್ದಾಳೆ ಎಂದು ಅಪ್ಪನನ್ನು ಯಾರೂ ಕೇಳಲಿಲ್ಲ.

ಅಂಥವನ ಮಗ ಪ್ಲಾಸ್ಟಿಕ್ ಬಾಗಿಲಿನ ಅಂಗಡಿಗೆ ಹೋದರೆ ಏನಾಗಬೇಕು? ಕುಟ್ಟಿ ನೋಡಿದೆ. ಹಪ್ಪಳದ ಡಬ್ಬಿಯ ಸದ್ದು ಬಂತು. “ಇದಕ್ಕೆ ಗೆದ್ದಲು ಹಿಡಿಯೋದೇ ಇಲ್ಲ ಸಾರ್” ಎಂದ ಅಂಗಡಿಯವನು. ಗೆದ್ದಲಿಗೂ ಒಂದು ಅಭಿರುಚಿ ಇರುತ್ತದಲ್ಲ ಎಂದುಕೊಂಡು ಹೊರಗೆ ಬಂದೆ. ನಾನು ಕೆಲಸಕ್ಕೆ ಹೋಗುವುದು ತಿ. ನರಸೀಪುರಕ್ಕೆ. ಅದಾದ ಎರಡನೇ ದಿನ ಅಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ, ಕೆಡವಿದ ಹಳೆಯ ಮನೆಯೊಂದರ ಮುಂದೆ ಅದು ಒರಗಿ ನಿಂತಿತ್ತು. ಜೋಡಿ ಬಾಗಿಲು. ಹಿತ್ತಾಳೆಯ ಗುಬುಟು, ಮೇಲೆ ಕಮಲ, ಎರಡು ಕಡೆ ಎರಡು ಗಿಳಿ, ಕೆಳಗೆ ಗೇಣೆತ್ತರದ ಹೊಸಿಲು. ಕುಟ್ಟಿದೆ. ದೇವಸ್ಥಾನದ ನಗಾರಿಯ ಹಾಗೆ ಮಾತಾಡಿತು. ಕೆಡವುವ ಗುತ್ತಿಗೆದಾರನಿಗೂ ಅದನ್ನು ಸಾಗಹಾಕಿದರೆ ಸಾಕಾಗಿತ್ತು. ಸಂಜೆಗೆ ಗೂಡ್ಸ್ ಆಟೋದಲ್ಲಿ ಬಾಗಿಲು, ಅದರ ಪಕ್ಕದಲ್ಲಿ ನಾನು, ದಿಬ್ಬಣದವರಂತೆ ನಂಜನಗೂಡಿಗೆ ಬಂದೆವು.

ಜಯಂತಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಹೊಸಿಲಿನ ಹತ್ತಿರ ಅವಳ ಕಣ್ಣು ನಿಂತಿತು. “ಮೂಗಿಗಿಂತ ಮೂಗುತಿ ಭಾರ” ಎಂದಷ್ಟೇ ಹೇಳಿ ಒಳಗೆ ಹೋದಳು. ಅವ್ವ ಮಾತ್ರ ಕೈಯಲ್ಲಿದ್ದ ಮೊರ ಕೆಳಗಿಟ್ಟು ಓಡಿಬಂದಳು. “ಏನ್ ಲಕ್ಸಣವಾಗದೆ ಕಣ್ಲಾ ಬಾಗ್ಲು! ಅಳ್ಳೀಲಿ ಗೌಡ್ರ ಮನೇಲೂ ಇಂಥದ್ದಿರ್ಲಿಲ್ಲ.” ಬಡಗಿ ಪುಟ್ಟಾಚಾರಿ ಅಳತೆ ಹಿಡಿದು, “ಗೋಡೆ ಒಡೀಬೇಕಾಯ್ತದೆ ಸಾ, ಬಾಗ್ಲಿಗೆ ತಕ್ಕಂಗೆ ರೂಮು ಮಾಡ್ಕೊಬೇಕು” ಅಂದ. ಒಡೆದೆವು. ಬಾಗಿಲು ನಿಲ್ಲಿಸುವ ದಿನ ಅವ್ವ ಹೊಸಿಲಿನ ಕೆಳಗೆ ನವಧಾನ್ಯದ ಗಂಟು ಇಡಿಸಿದಳು, ಅರಿಸಿನ ಬಳಿದು ಕುಂಕುಮ ಇಟ್ಟಳು, ಮಾವಿನ ತೋರಣ ಕಟ್ಟಿಸಿದಳು. ಮೆಷಿನ್ನಿಗೂ ಒಂದು ಕುಂಕುಮದ ಬೊಟ್ಟಿಟ್ಟು, ಅದನ್ನು ಬಲಗಾಲಿಟ್ಟು ಒಳಗೆ ಬರುವ ಮದುಮಗಳಂತೆ ಹೊಸಿಲು ದಾಟಿಸಿದೆವು.

“ಅತ್ತೆ, ಇದು ಬಟ್ಟೆ ಒಗೆಯೋ ರೂಮು” ಎಂದು ಜಯಂತಿ ಮೆಲ್ಲಗೆ ನೆನಪಿಸಿದಳು.

“ರೂಮು ಯಾವ್ದಾರ ಆಗ್ಲಿ ಕಣವ್ವ, ಒಸ್ಲು ಒಸ್ಲೇ.”

ಆ ಮಾತಿನ ಅರ್ಥ ನಮಗೆ ತಿಳಿದದ್ದು ಭಾನುವಾರ. ಜಯಂತಿ ವಾರದ ಕೊಳೆಬಟ್ಟೆಯ ಬುಟ್ಟಿ ಹೊತ್ತು ಹಿತ್ತಿಲಿಗೆ ಇಳಿದಳು. ಹೊಸಿಲಿನ ಮುಂದೆ ಆಗತಾನೇ ರಂಗೋಲಿ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದ ಅವ್ವ ಎರಡೂ ಕೈ ಅಡ್ಡ ಹಿಡಿದಳು. “ಕೊಳಕ್ ಬಟ್ಟೆ ಒತ್ಕೊಂಡು ಲಕ್ಸ್ಮೀನ ದಾಟ್ಕೊಂಡೋಗೀಯಾ? ಮನೆ ಏಳ್ಗೆ ಆದಾತಾ?” ನಾನು ನಡುವೆ ಬಾಯಿ ಹಾಕಿ, ಬೇಕಾದರೆ ಪುಟ್ಟಾಚಾರಿ ಹೊಸಿಲನ್ನು ಕುಯ್ದು ತೆಗೆಯುತ್ತಾನೆ ಅಂದೆ. ಅವ್ವ ನನ್ನನ್ನು ಹೆತ್ತದ್ದಕ್ಕೆ ಪಶ್ಚಾತ್ತಾಪ ಪಡುವವಳಂತೆ ನೋಡಿದಳು. ಮೆಷಿನ್ನು ಒಳಗೆ, ಬಟ್ಟೆ ಹೊರಗೆ, ನಡುವೆ ಲಕ್ಷ್ಮಿ. ಜಯಂತಿ ಅತ್ತೆಯ ಜೊತೆ ಜಗಳವಾಡಲಿಲ್ಲ. ಸೆರಗು ಸಿಕ್ಕಿಸಿ, ಹಿತ್ತಿಲ ಮೂಲೆಯ ಹಳೆಯ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿಯತೊಡಗಿದಳು. ಬಡಿತ ಜೋರಾಗಿತ್ತು, ಅದೂ ನನ್ನ ಅಂಗಿಯ ಸರದಿ ಬಂದಾಗ ಇನ್ನಷ್ಟು. ಮುಗಿದ ಮೇಲೆ ನನ್ನ ಹತ್ತಿರ ಬಂದು ಹೇಳಿದಳು: “ನಾನು ಕೇಳಿದ್ದು ಒಂದು ಭಾನುವಾರ ಕಣ್ರೀ. ಬಾಗಿಲಲ್ಲ.” ಮೊದಲು ನೆಲ ಒರೆಸುವುದಷ್ಟೇ ಇತ್ತು, ಈಗ ಕೈಯಲ್ಲಿ ಒಗೆಯುವ ಹಾಗೂ ಆಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು, ಅವಳ ಕೆಂಪಾದ ಅಂಗೈ ನೋಡಿ ಸಂಕಟವೂ ಆಯಿತು.

ಬಾಗಿಲಿಗೆ ಮಾತ್ರ ದಿನದಿನಕ್ಕೂ ಮರ್ಯಾದೆ ಏರುತ್ತಿತ್ತು. ಹಿಂದಿನ ಓಣಿಯಿಂದ ಬರುವವರಿಗೆಲ್ಲ ಅದೇ ನಮ್ಮ ಮುಂಬಾಗಿಲು ಎಂಬ ಭ್ರಮೆ. ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದು ಹಂಡೆಯ ಎದುರು ನಿಲ್ಲುತ್ತಿದ್ದರು. ಪಕ್ಕದ ಬೀದಿಯ ನಂಜುಂಡಪ್ಪ ಮಗಳ ಮದುವೆಯ ಪತ್ರಿಕೆಯನ್ನು ಎಲೆ ಅಡಿಕೆ ಸಮೇತ ಮೆಷಿನ್ನಿನ ಮೇಲಿಟ್ಟು, “ಮನೆಯೋರೆಲ್ಲ ಬರ್ಬೇಕು” ಎಂದು ಅದಕ್ಕೇ ಹೇಳಿ ಹೋದರು. ಅವರಿಗೆ ದೃಷ್ಟಿ ಚೆನ್ನಾಗಿಯೇ ಇದೆ, ತಪ್ಪು ಆ ಗಿಳಿಗಳದ್ದು.

ಕಿಟಕಿಯ ಜಾಗದಲ್ಲಿ ಇನ್ನೂ ಗೋಣಿಚೀಲ ನೇತಾಡುತ್ತಿತ್ತು. ಗಿಳಿಗಳಿಗೆ ಹೊಂದುವ ಕಿಟಕಿಗಾಗಿ ನಾನು ಹುಡುಕಾಡುತ್ತಿದ್ದೆ. ಮುಂದಿನ ಭಾನುವಾರ ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತ ಬಡಿಯುತ್ತ ಜಯಂತಿ ಆ ಗೋಣಿಚೀಲವನ್ನೇ ನೋಡುತ್ತಿದ್ದಳು. ತಟ್ಟನೆ ಕೈ ನಿಲ್ಲಿಸಿ ಕೇಳಿದಳು:

“ಅತ್ತೆ, ಕಿಟಕೀಲಿ ಲಕ್ಷ್ಮಿ ಇರ್ತಾಳಾ?”

“ಕಿಟಕೀಲಿ ಯಾವ್ ಲಕ್ಸ್ಮಿ ಇದ್ದಾಳು? ಕಿಟಕೀಲಿ ಬರೋದು ಗಾಳಿ, ಸೊಳ್ಳೆ, ಕಳ್ಳ.”

“ಸರಿ ಹಾಗಾದ್ರೆ” ಎಂದಳು ಜಯಂತಿ. ನನ್ನ ಕಡೆ ತಿರುಗಿ, “ಕಿಟಕಿ ನಾನು ಆರಿಸ್ತೀನಿ” ಎಂದಳು. ಮಾರನೆಯ ದಿನವೇ ರಜೆ ಹಾಕಿ ಹೋಗಿ ನೋಡಿ ಬಂದಳು. ಅಲ್ಯೂಮಿನಿಯಂ ಕಿಟಕಿ, ಒಂದು ಬೆರಳಿನಲ್ಲಿ ತಳ್ಳಿದರೆ ಜಾರುವಂಥದ್ದು. ಗೋಡೆಯ ಕಿಂಡಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಅಗಲ ಮಾಡಿಸಿದಳು. ಕಳ್ಳನ ಮಾತು ಬಂದಿತ್ತಲ್ಲ, ಅದಕ್ಕೊಂದು ಗ್ರಿಲ್ಲು. ಆ ಗ್ರಿಲ್ಲಿಗೂ ಬಾಗಿಲಿನ ಹಾಗೆ ತೆರೆಯಲು ಚಿಲಕ. ಕೊನೆಗೆ ಒಗೆಯುವ ಕಲ್ಲನ್ನು ನಾಲ್ಕು ಜನರಿಂದ ಎತ್ತಿಸಿ ಕಿಟಕಿಯ ಕೆಳಗೆ ಹೊರಗಡೆ ಮೆಟ್ಟಿಲಿನ ಹಾಗೆ ಹಾಕಿಸಿದಳು. ಈಗ ಭಾನುವಾರದ ಕ್ರಮ ಹೀಗೆ: ಜಯಂತಿ ಬರಿಗೈಯಲ್ಲಿ, ಮಡಿಯಾಗಿ, ಗಿಳಿಗಳ ನಡುವೆ ಹಾದು ಒಳಗೆ ಹೋಗುತ್ತಾಳೆ. ಕೊಳೆಬಟ್ಟೆಯನ್ನು ಕಿಟಕಿಯಿಂದ ಒಂದೊಂದಾಗಿ ಎತ್ತಿಕೊಡಲು ಹೊರಗೆ ಒಬ್ಬರು ಬೇಕು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಮೆಷಿನ್ನು ತಿರುಗುವಾಗ ಅವಳು ಕಿಟಕಿಯ ಗಾಳಿಗೆ ಕುರ್ಚಿ ಹಾಕಿಕೊಂಡು ಕಾದಂಬರಿ ಓದುತ್ತಾಳೆ. ಒಗೆದ ಬಟ್ಟೆ ಬಾಗಿಲಿನಿಂದ ಮೆರವಣಿಗೆಯಲ್ಲಿ ಹೊರಬರುತ್ತದೆ. ಅವ್ವನಿಗೂ ತೃಪ್ತಿ.

ಎಲ್ಲ ಸುಸೂತ್ರವಾಯಿತು ಎಂದುಕೊಂಡು ಒಂದು ಭಾನುವಾರ ಬಟ್ಟೆ ಎತ್ತಿಕೊಡುವ ಕೆಲಸ ಮುಗಿಸಿ ಕಟಿಂಗ್‌ಗೆ ಹೋದೆ. ರೂಢಿಯಂತೆ ಏನನ್ನೂ ಮುಟ್ಟದೆ ಹಿಂದಿನ ಓಣಿಯಿಂದ ಬಂದು, ಹಂಡೆಯ ಬಿಸಿನೀರನ್ನು ನೆನೆಸಿಕೊಳ್ಳುತ್ತ ಬಾಗಿಲ ಹತ್ತಿರ ಬಂದೆ. ಇನ್ನೇನು ಕಾಲೆತ್ತಬೇಕು—

“ಅಲ್ಲೇ ನಿಂತ್ಕೊಳ್ಲಾ! ಮೈಮೇಲೆಲ್ಲ ಕೂದ್ಲು ಇಟ್ಕೊಂಡು ಒಸ್ಲು ದಾಟೀಯಾ?”

“ಅವ್ವ, ಸ್ನಾನಕ್ಕೆ ಬಂದಿದ್ದೀನಿ. ಬಚ್ಚಲು ಇದೇ ಅಲ್ವಾ?”

“ಬಚ್ಚಲು ಒಳಗದೆ. ಒಸ್ಲು ಇಲ್ಲದೆ.”

ಮನೆಯ ಮುಂಬಾಗಿಲಿಗೆ ಹೋಗುವ ಹಾಗಿಲ್ಲ, ಅಲ್ಲೂ ಹೊಸಿಲು. ಕುತ್ತಿಗೆಯಲ್ಲಿ ಕೂದಲು ಚುಚ್ಚುತ್ತಿತ್ತು. ಅಷ್ಟರಲ್ಲಿ ಸರ್ರನೆ ಕಿಟಕಿ ಜಾರಿದ ಸದ್ದು. ಗ್ರಿಲ್ಲಿನ ಚಿಲಕ ತೆಗೆದು, ಕಾದಂಬರಿಯ ಪುಟದಲ್ಲಿ ಬೆರಳಿಟ್ಟುಕೊಂಡೇ ಜಯಂತಿ ಕರೆದಳು: “ಬನ್ನಿ. ಕೊಳೆಯೆಲ್ಲ ಇಲ್ಲಿಂದ್ಲೇ ಅಲ್ವಾ?” ಒಗೆಯುವ ಕಲ್ಲು ಹತ್ತಿದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಹೊಟ್ಟೆ ಎರಡು ಕಡೆಗೂ. ಓಣಿಯಲ್ಲಿ ನಂಜುಂಡಪ್ಪ ಕಂಡರು. ಮದುವೆಗೆ ಯಾಕೆ ಬರಲಿಲ್ಲ ಎಂದು ಕೇಳಲು ಬಂದವರು ನನ್ನನ್ನು ಆ ಸ್ಥಿತಿಯಲ್ಲಿ ನೋಡಿ, ಏನೂ ಕೇಳದೆ, ಬಾಗಿಲಿಗೆ ಮಾತ್ರ ಕೈಮುಗಿದು ಹೊರಟುಹೋದರು. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟಮೇಲೆ ಅವ್ವನೇ ಕೂಗಿದಳು: “ಈಗ ಬಾಗ್ಲಿಂದ ಬಾರಪ್ಪ, ನಮ್ ದೊರೆ.”

ಮೊನ್ನೆ ತಿ. ನರಸೀಪುರದ ಆಫೀಸಿನಲ್ಲಿ, ಮನೆ ಕಟ್ಟಿಸುತ್ತಿರುವ ಗೆಳೆಯನೊಬ್ಬ ಬಂದು ಕೂತ. “ನಿಮಗೆ ಬಾಗಿಲು ವಿಷಯ ಚೆನ್ನಾಗಿ ಗೊತ್ತಂತೆ. ಎಂಥಾದ್ದು ಆರಿಸ್ಲಿ, ಹೇಳಿ” ಅಂದ. ಅಪ್ಪನ ಹಾಗೆ ಮೇಜನ್ನೊಮ್ಮೆ ಕುಟ್ಟಿ, ಸ್ವಲ್ಪ ಯೋಚಿಸಿದೆ.

“ಬಾಗಿಲು ಯಾವುದಾದ್ರೂ ಹಾಕಿ. ಕಿಟಕಿ ಮಾತ್ರ ನಿಮ್ಮ ಮನೆಯವ್ರನ್ನ ಕೇಳಿ, ಸ್ವಲ್ಪ ಅಗಲವಾಗಿರೋದನ್ನೇ ಆರಿಸಿ” ಎಂದೆ. “ಅದರಲ್ಲಿ ಓಡಾಡೋರು ನೀವಲ್ವಾ?”