ಮೊದಲು ಗೆರೆ ಮುಟ್ಟಿದ ಬಾಲಕಿಯನ್ನು ನಿಧಾನಗತಿಯವಳೆಂದು ಪರಿಗಣಿಸುವ ಬಗ್ಗೆ

ಯುವ ಪ್ರತಿಭಾ ಶೋಧನೆ ಮತ್ತು ಪೋಷಣೆ ಇಲಾಖೆ
ಸಂಖ್ಯೆ: ಯುಪ್ರಶೋ/ಓಟ/ವಿಳಂಬ/17

ಸುತ್ತೋಲೆ

ವಿಷಯ: ಇನ್ನೂರು ಮೀಟರ್ ಓಟದಲ್ಲಿ ಮೊದಲು ತಲುಪಿದ ಬಾಲಕಿಯನ್ನು ಕ್ರೀಡಾ ವಸತಿ ಶಾಲೆಗೆ ಆಯ್ಕೆ ಮಾಡದಿರುವ ಕುರಿತು.

ಉಲ್ಲೇಖ: (ಅ) ಬಾಲಕಿಯ ತಾಯಿ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮಾಡಿದ ಮೌಖಿಕ ಆಕ್ಷೇಪಣೆ.
(ಆ) ಪಿ.ಟಿ. ಮೇಷ್ಟ್ರ ಪತ್ರ, ಯಾರೂ ಕೇಳದೆ ಬರೆದದ್ದು.

ಪೀಠಿಕೆ:

ಪ್ರತಿಭಾವಂತ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಗುರುತಿಸಿ ಬೆಳೆಸುವ ಸಲುವಾಗಿ ಕಳೆದ ಭಾನುವಾರ ಆಯ್ಕೆ ಓಟವನ್ನು ನಡೆಸಲಾಗಿರುತ್ತದೆ. ಪದ್ಧತಿಯಂತೆ ಮುಖ್ಯ ಅತಿಥಿಗಳ ಕೊರಳಿಗೆ ಇಲಾಖೆಯ ಏಕೈಕ ಸ್ಟಾಪ್‌ವಾಚ್ ತೊಡಿಸಿ, ಅವರ ಅಮೃತಹಸ್ತದಿಂದಲೇ ಗುಂಡಿ ಒತ್ತಿಸಿ ಓಟಕ್ಕೆ ಚಾಲನೆ ನೀಡಲಾಯಿತು. ಅತಿಥಿಗಳು ಅದನ್ನು ನೆನಪಿನ ಕಾಣಿಕೆಯೆಂದು ಭಾವಿಸಿ, ಮಕ್ಕಳು ಓಡುತ್ತಿರುವಾಗಲೇ ಅದರೊಂದಿಗೆ ಕಾರು ಹತ್ತಿದರು. ಕೊರಳಿಗೆ ಕೈ ಹಾಕಿ ತಡೆಯುವುದು ಶಿಷ್ಟಾಚಾರಕ್ಕೆ ವಿರುದ್ಧವಾದ್ದರಿಂದ ಸಿಬ್ಬಂದಿ ಚಪ್ಪಾಳೆ ತಟ್ಟಿ ಬೀಳ್ಕೊಟ್ಟರು. ಅನಂತರ ಅಧೀಕ್ಷಕರು ಅತಿಥಿಗಳ ಮನೆಗೆ ಹೋಗಿ, ಅವರ ಊಟ ಮುಗಿಯುವವರೆಗೆ ಬಾಗಿಲಲ್ಲಿ ಕಾದು, ಗಡಿಯಾರವನ್ನು ನಿಲ್ಲಿಸಿ ತಂದರು. ಅದು ಎರಡು ಗಂಟೆ ಹನ್ನೊಂದು ನಿಮಿಷ ತೋರಿಸಿತು. ಮೊದಲ ಸ್ಥಾನದ ಸಮಯವನ್ನು ಮಾತ್ರ ದಾಖಲಿಸುವ ನಿಯಮವಿರುವುದರಿಂದ, ಮೈದಾನದಲ್ಲಿ ‘ಪಾದರಸ’ ಎಂದು ಕರೆಯಲಾಗುವ ಸದರಿ ಬಾಲಕಿಯ ಮುಂದೆ ಆ ಸಮಯವನ್ನು ನಮೂದಿಸಲಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

1. ಇಲಾಖೆಯ ಗಡಿಯಾರ ತೋರಿಸಿದ ಸಮಯವೇ ಅಂತಿಮ. ಓಟ ಮುಗಿದ ಮೇಲೂ ಗಡಿಯಾರ ಅತಿಥಿಗಳ ಊಟದ ಮನೆಯಲ್ಲಿ ಓಡುತ್ತಿತ್ತು ಎಂಬ ಒಂದೇ ಕಾರಣಕ್ಕೆ ಅದನ್ನು ಅನುಮಾನಿಸತಕ್ಕದ್ದಲ್ಲ.

2. “ಎರಡು ಗಂಟೆ ಓಡಿದ್ರೆ ನನ್ನ ಮಗಳು ಪಕ್ಕದೂರು ಮುಟ್ಟಿರ್ತಿದ್ಳು ಸ್ವಾಮಿ! ನಿಮ್ಮ ಎದುರಿಗೇ ಓಡಿದ್ಳಲ್ಲ, ಕಣ್ಣಿಗೆ ಮಂಕು ಕವಿದಿತ್ತಾ ನಿಮ್ಗೆ?” ಎಂದು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಸದರಿ ತಾಯಿ ಕೇಳಿರುತ್ತಾರೆ. ಪರಿಶೀಲಿಸಲಾಗಿ, ಆ ಸಮಯದಲ್ಲಿ ಎಲ್ಲ ಅಧಿಕಾರಿಗಳೂ ಕಾರಿನತ್ತ ಮುಖ ಮಾಡಿ ಕೈಬೀಸುತ್ತಿದ್ದುದು ದೃಢಪಟ್ಟಿದೆ. ಯಾರೂ ನೋಡಿಲ್ಲವಾದ್ದರಿಂದ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

3. “ನಾನು ಕಣ್ಣಾರೆ ನೋಡಿದೀನಿ ಸಾರ್, ಇಂಥಾ ಕಾಲು ನನ್ನ ಸರ್ವೀಸಲ್ಲೇ ಕಂಡಿಲ್ಲ” ಎಂದು ಪಿ.ಟಿ. ಮೇಷ್ಟ್ರು ಬರೆದಿರುತ್ತಾರೆ. ಮೇಷ್ಟ್ರ ಕಣ್ಣು ಇಲಾಖೆಯು ಟೆಂಡರ್ ಕರೆದು ಖರೀದಿಸಿದ ಉಪಕರಣವಲ್ಲ. ಮುಂದೆ ಓಟ ನಡೆಯುವಾಗ ಅವರು ಬೇರೆ ಕಡೆ ನೋಡತಕ್ಕದ್ದು.

4. ಉಳಿದ ಬಾಲಕಿಯರ ವಿರುದ್ಧ ಯಾವುದೇ ನಿಧಾನಗತಿ ದಾಖಲಾಗಿಲ್ಲದ ಕಾರಣ ಅವರೆಲ್ಲರನ್ನೂ ಆಯ್ಕೆ ಮಾಡಲಾಗಿದೆ. ನಡುದಾರಿಯಲ್ಲಿ ನಿಂತು ಕೂದಲಿನ ಕ್ಲಿಪ್ಪು ಸರಿಪಡಿಸಿಕೊಂಡು, ಉಳಿದ ದೂರವನ್ನು ನಡೆದೇ ಬಂದ ಮುಖ್ಯ ಅತಿಥಿಗಳ ತಂಗಿಯ ಮಗಳ ಸಂಯಮವನ್ನು ಇಲಾಖೆ ವಿಶೇಷವಾಗಿ ಶ್ಲಾಘಿಸುತ್ತದೆ. ತಂಡದ ನಾಯಕತ್ವವನ್ನು ಆಕೆಗೇ ವಹಿಸಲಾಗಿದೆ.

5. ಇನ್ನು ಮುಂದೆ ಅಧಿಕಾರಿಗಳು ಅಂತಿಮ ಗೆರೆಯ ಬಳಿ ಬಂದು, ಕುರ್ಚಿಯ ಧೂಳು ಒರೆಸಿ ಕುಳಿತ ನಂತರವೇ ಅಭ್ಯರ್ಥಿಗಳು ಗೆರೆ ಮುಟ್ಟತಕ್ಕದ್ದು. ಮುಂಚೆಯೇ ಮುಟ್ಟಿದವರನ್ನು ಬಂದೇ ಇಲ್ಲವೆಂದು ತಿಳಿಯಲಾಗುವುದು.

6. ಅತಿಥಿಗಳಿಗೆ ಸ್ಟಾಪ್‌ವಾಚ್ ತೊಡಿಸುವ ಪದ್ಧತಿ ಮುಂದುವರಿಯುತ್ತದೆ. ಅವರು ನಡುವೆಯೇ ಹೊರಟಲ್ಲಿ ಮಕ್ಕಳು ಕಾರಿನ ಹಿಂದೆ ಓಡಿ, ಗಡಿಯಾರದ ಸಮ್ಮುಖದಲ್ಲಿ ಓಟ ಮುಗಿಸತಕ್ಕದ್ದು.

7. ವಯೋಮಿತಿಯಂತೆ ಸದರಿ ಬಾಲಕಿಗೆ ಇದೇ ಕೊನೆಯ ವರ್ಷವೆಂಬುದನ್ನು ಇಲಾಖೆ ಸಹಾನುಭೂತಿಯಿಂದ ಗಮನಿಸಿದೆ. ಆಕೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಆಕೆಯ ವಯಸ್ಸು ಹೆಚ್ಚದಂತೆ ನೋಡಿಕೊಳ್ಳುವುದು ತಾಯಿಯ ಜವಾಬ್ದಾರಿ.

ಸಹಿ/-
ನಿರ್ದೇಶಕರ ಪರವಾಗಿ
(ಸದರಿ ತಾಯಿ ಇನ್ನೂ ಮೆಟ್ಟಿಲ ಮೇಲೆಯೇ ನಿಂತಿರುವುದರಿಂದ ನಿರ್ದೇಶಕರು ಮೆಟ್ಟಿಲು ಹತ್ತಲಾರದ ಕಾರಣ)

ಪ್ರತಿಗಳು:

1. ಮುಖ್ಯ ಅತಿಥಿಗಳಿಗೆ, ಹೊಸ ಸ್ಟಾಪ್‌ವಾಚ್ ಸಹಿತ, ಕ್ಷಮೆ ಕೋರಿ.

2. ಪಿ.ಟಿ. ಮೇಷ್ಟ್ರಿಗೆ, ವರ್ಗಾವಣೆ ಆದೇಶದೊಂದಿಗೆ.

3. ಬಾಲಕಿಯ ತಾಯಿಗೆ. ಮಗಳ ಎದೆಗೆ ಕಟ್ಟಿದ್ದ ಸಂಖ್ಯೆಯ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸತಕ್ಕದ್ದು.

4. ಮೈದಾನದ ಕಾವಲುಗಾರನಿಗೆ. ಸದರಿ ಬಾಲಕಿ ಇಂದು ಮುಂಜಾನೆಯೂ ಒಬ್ಬಳೇ ಬಂದು ಓಡಿರುವುದು ಈ ಕಚೇರಿಯ ಗಮನಕ್ಕೆ ಬಂದಿದೆ. ನಾಳೆಯಿಂದ ಗೇಟಿಗೆ ಬೀಗ ಹಾಕತಕ್ಕದ್ದು. ಆಕೆ ಗೇಟು ಹಾರಿ ಒಳಗೆ ಬಂದಲ್ಲಿ, ಎತ್ತರ ಜಿಗಿತದ ವಿಭಾಗಕ್ಕೆ ಯಾವುದೇ ಕಾರಣಕ್ಕೂ ತಿಳಿಸತಕ್ಕದ್ದಲ್ಲ.