ಮೇಣದಲ್ಲಿ ಮೂಡಿದ ಜಾಲಿಗಿಡ

ಜೇನುಮೇಣ ಕರಗಿಸಿ, ಅದರಲ್ಲಿ ಬಣ್ಣದ ಪುಡಿ ಕಲಸಿ, ಬಿಸಿಯಿರುವಾಗಲೇ ಹಲಗೆಯ ಮೇಲೆ ಚಿತ್ರ ಬರೆಯುವವನ ಮನೆಯಲ್ಲಿ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ಏನೂ ಆಗದ ದಿನ ಗ್ಯಾಸ್ ಮುಗಿದಿದೆ ಎಂದು ತಿಳಿಯಬೇಕು. ಅಥಣಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ ನಾನು ಈ ಕೆಲಸಕ್ಕೆ ಬಿದ್ದೆ. ಗಿಡ, ಹಕ್ಕಿ, ಹೊಳೆದಂಡೆ ಇಷ್ಟನ್ನೇ ಬರೆಯುತ್ತೇನೆ. ಹೋಲಿಕೆ ಬಂದಿಲ್ಲವೆಂದು ಅವು ತಕರಾರು ಮಾಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಮಾತ್ರ, ತಕರಾರು ಮಾಡಬಲ್ಲವರೊಬ್ಬರು ಚಿತ್ರ ಕೇಳಿದರು. ಹಾರೂಗೇರಿಯಲ್ಲಿರುವ ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ. ಅವಳಿಗೆ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೂ ಡಾಕ್ಟರು ಹೆಚ್ಚು ದಿನದ ಭರವಸೆ ಕೊಟ್ಟಿರಲಿಲ್ಲ. ಫೋನಿನಲ್ಲಿ ಹೇಳಿದಳು: "ತಮ್ಮಾ, ನಮ್ಮ ಹೊಲದ ಬಾವಿ ಮ್ಯಾಲಿನ ಜಾಲಿಗಿಡ ಬರದು ಕೊಡೋ. ಗೀಜಗನ ಗೂಡ ಜೋತ ಬಿದ್ದಿರತಿದ್ದುವಲ್ಲ, ಹಂಗ. ಕಣ್ಣ ಇರೂದರಾಗ ಒಮ್ಮೆ ನೋಡತೇನಿ."

ಗಿಡ ಬಿದ್ದು, ಬಾವಿ ಮುಚ್ಚಿ, ಅದರ ಮೇಲೆ ಕಬ್ಬು ಬೆಳೆಯತೊಡಗಿ ಎಷ್ಟೋ ಕಾಲವಾಗಿತ್ತು. ಫೋಟೋ ಇರಲಿಲ್ಲ. ಆಗೆಲ್ಲ ನಮ್ಮಲ್ಲಿ ಫೋಟೋ ತೆಗೆಸುತ್ತಿದ್ದದ್ದು ಮದುವೆಯಾದವರದು ಮತ್ತು ಸತ್ತವರದು. ಗಿಡ ಈ ಎರಡರಲ್ಲಿ ಯಾವುದಕ್ಕೂ ಸೇರಿರಲಿಲ್ಲ. ನೆನಪಿನಿಂದಲೇ ಬರೆಯಬೇಕು, ಅದೂ ಅತ್ತೆಯ ಕಣ್ಣು ಪೂರ್ತಿ ಆರುವ ಮೊದಲೇ ತಲುಪಿಸಬೇಕು.

ರೊಟ್ಟಿಯ ಮೇಲೆ ಚಿಗುರು

ಅಷ್ಟೊಂದು ಎಲೆಗೆ ಬೇಕಾದ ಹಸಿರು ಕರಗಿಸಲು ನನ್ನ ಹಂಚು ಸಾಲಲಿಲ್ಲ. ಹೆಂಡತಿ ಸಂತೆಗೆ ಹೋದ ಹೊತ್ತು ನೋಡಿ, ಅವಳ ರೊಟ್ಟಿಯ ಹಂಚಿನ ಮೇಲೆ ಮೇಣ ಕರಗಿಸಿದೆ. ಕೆಲಸ ಮುಗಿದ ಮೇಲೆ ಅರಿವೆಯಿಂದ ಚೆನ್ನಾಗಿ ಒರೆಸಿಟ್ಟೆ. ಚೆನ್ನಾಗಿ ಎಂಬುದು ನನ್ನ ಅಭಿಪ್ರಾಯ.

ಸಂಜೆ ಮೊದಲ ಜೋಳದ ರೊಟ್ಟಿ ಹಂಚಿನಿಂದ ಎದ್ದಾಗ ಅದರ ಮೇಲೊಂದು ಟೊಂಗೆ ಮೂಡಿತ್ತು, ಟೊಂಗೆಯ ತುಂಬ ಎಲೆ. ಹಲಗೆಯ ಮೇಲೆ ಬಂದದ್ದಕ್ಕಿಂತ ಅದೇ ಚೆನ್ನಾಗಿತ್ತು. ಹಾಗೆಂದು ಹೇಳಿಯೂ ಬಿಟ್ಟೆ.

"ಹಂಗಾರ ಇದಕ್ಕೂ ಚೌಕಟ್ಟ ಹಾಕಸ್ರಿ," ಎಂದು ಹೆಂಡತಿ ರೊಟ್ಟಿಯನ್ನು ನನ್ನೆದುರು ಗೋಡೆಗೆ ಆನಿಸಿ ಇಟ್ಟಳು.

"ಊಟಾ?" ಎಂದೆ.

"ನೋಡ್ಕೋತ ಕುಂದರ್ರಿ. ಹೊಟ್ಟಿ ತುಂಬೂತನಾ ನೋಡ್ರಿ."

ಮರುದಿನ ಅಡುಗೆಮನೆಗೆ ಹೊಸ ಹಂಚು ಬಂತು. ಹಳೆಯದನ್ನು ಹಿತ್ತಲಿಗೆ ಹಾಕಿದಳು. ಅದರ ಜೊತೆ ನನ್ನನ್ನೂ.

ಉಂಗುಟದ ದಾರ

ನಮ್ಮೂರಲ್ಲಿ ಚಪ್ಪಲಿ ಹೊಲಿಯುವವರಿಗೆ ಮೇಣದಿಂದ ಆಗುವುದು ಒಂದೇ ಕೆಲಸ. ಹೊಲಿಗೆಯ ದಾರವನ್ನು ಅದರ ಮೇಲೆ ಎಳೆದರೆ ದಾರ ಗಟ್ಟಿಯಾಗಿ, ತೊಗಲಿನಲ್ಲಿ ಸಲೀಸಾಗಿ ಓಡುತ್ತದೆ. ನನ್ನ ಚಪ್ಪಲಿಯ ಉಂಗುಟ, ಅಂದರೆ ಹೆಬ್ಬೆರಳು ತೂರಿಸುವ ಬಳೆ, ಕಿತ್ತಿತ್ತು. ಹೊಲಿಯುವಾತ ಬಹಳ ದಿನದ ಪರಿಚಯ. ಮನೆಗೇ ಬಂದ.

ಪಡಸಾಲೆಯಲ್ಲಿ ಜಾಲಿಗಿಡ ಗೋಡೆಗೆ ಒರಗಿ ನಿಂತಿತ್ತು. ಬೊಡ್ಡೆ ಅವತ್ತೇ ಮುಗಿದಿತ್ತು. ಎಷ್ಟು ತಿದ್ದಿದರೂ ಕೂಸಿನ ಗಲ್ಲದಂತೆ ನುಣ್ಣಗೇ ಬರುತ್ತಿತ್ತು. ಅತ್ತೆಯ ಅರೆಗಣ್ಣಿಗೂ ಅದು ಜಾಲಿ ಎನಿಸುವಂತಿರಲಿಲ್ಲ. ಅದೇ ಚಿಂತೆಯಲ್ಲಿ ಚಹಾ ತರಲು ಒಳಗೆ ಹೋದೆ. ಬಂದು ನೋಡಿದರೆ ಆತ ಬೊಡ್ಡೆಯ ಮೇಲೆ ಮೇಲಿಂದ ಕೆಳಕ್ಕೆ ದಾರ ಎಳೆಯುತ್ತ ಕೂತಿದ್ದಾನೆ.

"ಏ ಮಾರಾಯಾ, ಏನ ಮಾಡಾಕತ್ತಿ?"

"ಮೇಣ ಭಾರೀ ಚಲೋ ಐತ್ರಿ ಸರ. ನನ್ನ ಮೇಣದ ಉಂಡಿ ಮನ್ಯಾಗ ಬಿಟ್ಟ ಬಂದೇನಿ. ನೀವು ಇಷ್ಟ ದೊಡ್ಡ ಹಲಗಿ ತುಂಬ ಮೆತ್ತಿಟ್ಟೀರಿ, ಒಂದೀಟ ತಗೊಂಡ್ರ ಏನ ಕಡಿಮಿ ಬೀಳತೈತಿ ಅಂದೆ."

"ಅದು ಗಿಡಲೇ!"

ಆತ ಹಿಂದೆ ಸರಿದು ನೋಡಿದ. ನಾನೂ ನೋಡಿದೆ. ದಾರ ಹರಿದಾಡಿದಲ್ಲೆಲ್ಲ ಉದ್ದುದ್ದ ಸೀಳು ಬಿದ್ದು, ಜಾಲಿಯ ತೊಗಟೆ ಸಾಕ್ಷಾತ್ ಬಂದು ನಿಂತಿತ್ತು. ಚಿಕ್ಕಂದಿನಲ್ಲಿ ಆ ತೊಗಟೆಗೆ ಬೆನ್ನು ತಿಕ್ಕಿಕೊಳ್ಳುತ್ತ ಕಣ್ಣು ಮುಚ್ಚುತ್ತಿದ್ದ ನಮ್ಮ ಎಮ್ಮೆ ಕೂಡ ನೆನಪಾಯಿತು. ನಾನು ಚಹಾದ ಕಪ್ಪು ಅವನ ಕೈಗಿಟ್ಟು, ದನಿ ತಗ್ಗಿಸಿ ಕೇಳಿದೆ: "ಆ ಮಗ್ಗಲಕ್ಕೂ ಒಂದೀಟ ಎಳೀತಿ?"

"ಒಂದ ಉಂಗುಟಕ್ಕ ಇಷ್ಟ ದಾರ ಸಾಕ್ರಿ."

ಕಸುಬಿನವರು ದಂಡಕ್ಕೆ ದಾರ ಎಳೆಯುವುದಿಲ್ಲ. ಬೊಡ್ಡೆಯ ಇನ್ನೊಂದು ಮಗ್ಗುಲಿಗಾಗಿ ನಾನು ಇನ್ನೊಂದು ಚಪ್ಪಲಿಯ ಉಂಗುಟವನ್ನೂ ಕಿತ್ತು ಕೊಡಬೇಕಾಯಿತು.

ಸಾಗವಾನಿಯ ಗೋಳು

ಚೌಕಟ್ಟು ಮಾಡಿಕೊಟ್ಟವನು ನನ್ನ ಬಾಲ್ಯದ ಗೆಳೆಯ, ಕಟ್ಟಿಗೆ ಅಡ್ಡೆಯ ಮಾಲೀಕ. ಜೈನರ ಮನೆ. ಜೇನುತುಪ್ಪ ಅವರ ಹೊಸ್ತಿಲು ದಾಟಿದ್ದಿಲ್ಲ. ಅತ್ತೆಗೆಂದು ಹೇಳಿದ್ದಕ್ಕೆ ಹಳೆಯ ಸಾಗವಾನಿ ಆರಿಸಿ, ತಾನೇ ಉಜ್ಜಿ ಹೊತ್ತು ತಂದಿದ್ದ. ಚಿತ್ರ ಎತ್ತಲು ಬಗ್ಗಿದವನು ಮೂಗು ಅರಳಿಸಿದ.

"ಮಾಸ್ತರ, ಜೇನಿನ ವಾಸನಿ ಬರಾಕತ್ತೈತಲ್ಲೋ?"

"ಜೇನಮೇಣ ಐತೆಪಾ."

ಚಾಚಿದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟ: "ನೋಡಾಕ ಅಡ್ಡಿ ಇಲ್ಲ. ಮುಟ್ಟಾಕ ಹೇಳಬ್ಯಾಡ. ನಾ ಕಟ್ಟಿ ಮ್ಯಾಲ ಕುಂತ ಹೇಳತೇನಿ, ನೀ ಮೊಳಿ ಬಡಿ."

ಮೊದಲ ಮೊಳೆ ಸೊಟ್ಟಾಯಿತು. ಎರಡನೆಯದರ ಏಟು ನನ್ನ ಬೆರಳಿಗೆ ಬಿತ್ತು. ಮೂರನೆಯದು ಚೌಕಟ್ಟಿನ ಮೂಲೆಯನ್ನೇ ಸೀಳಿತು. ಗೆಳೆಯ ಕಟ್ಟೆಯಿಂದ ಧುಮುಕಿ ಬಂದು ಸುತ್ತಿಗೆ ಕಸಿದುಕೊಂಡ.

"ಜೇನಹುಳಕ್ಕಾದ ಹಿಂಸಾ ನಾ ನೋಡಿಲ್ಲಪಾ. ಈ ಸಾಗವಾನಿಗೆ ಆಗಾಕತ್ತಿದ್ದ ಕಣ್ಣಾರೆ ನೋಡಿ ಸುಮ್ಮ ಕುಂದರ್ಲಿ ಹೆಂಗಲೇ?"

ನೆರಳಿನ ಜಾಗ

ಮಳೆ ಬಿದ್ದು ತಂಪಾದ ಮೇಲೆ ಒಯ್ಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆಯ ಸೊಸೆಯ ಫೋನು ಬಂತು: "ಅತ್ತಿಯಾರಿಗೆ ಈಗ ಕಣ್ಣಿಗೆ ಭಾಳ ಸನೇಕ ಹಿಡದ್ರ ಅಷ್ಟ ಕಾಣತೈತ್ರಿ. ಲಗೂ ಬರ್ರಿ."

ಹಳೇ ಸೀರೆಯಲ್ಲಿ ಚಿತ್ರ ಸುತ್ತಿಕೊಂಡು ಉರಿಬಿಸಿಲಲ್ಲೇ ಹಾರೂಗೇರಿಯ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರನಿಗೆ ಕೈಮುಗಿದು ಹೇಳಿದೆ: "ಇದಕ್ಕ ಬಿಸಲ ತಾಗಬಾರದಪಾ, ಎಲ್ಲೆರೆ ನೆರಳಾಗ ಇಡು."

"ಚಿಂತಿ ಬಿಡ್ರಿ ಕಾಕಾ," ಎಂದು ಆತ ಅದನ್ನು ಜನರ ತಲೆಗಳ ಮೇಲಿಂದ ಮುಂದಕ್ಕೆ ಸಾಗಿಸಿದ. ನಾನು ಹಿಂದೆ ಉಳಿದೆ.

ಹಾರೂಗೇರಿಯಲ್ಲಿ ಇಳಿಯುವಾಗ ಕಂಡಿತು. ಚಿತ್ರ ಡ್ರೈವರನ ಪಕ್ಕ, ಇಂಜಿನ್ನಿನ ಮುಚ್ಚಳಕ್ಕೆ ಆತು ನಿಂತಿತ್ತು. "ಒಂದ ಹನಿ ಬಿಸಲ ಬಿದ್ದಿಲ್ಲ ನೋಡ್ರಿ," ಎಂದು ಕಂಡಕ್ಟರ್ ಹೆಮ್ಮೆಯಿಂದ ಎತ್ತಿಕೊಟ್ಟ. ಆಗ ತಾನೇ ಒಲೆಯಿಂದ ಇಳಿಸಿದ ಹಾಗೆ ಕೈ ಸುಟ್ಟಿತು.

ಅತ್ತೆಯ ಮನೆಯಲ್ಲಿ ಸೀರೆ ಬಿಚ್ಚಿದೆ. ಗಿಡ ನಿಂತಿತ್ತು, ತೊಗಟೆ ಇತ್ತು. ಟೊಂಗೆಗಳು ಮಾತ್ರ ಗೂಡಿಲ್ಲದೆ ಬೋಳಾಗಿದ್ದವು. ಅಷ್ಟೂ ಗೂಡುಗಳು ಜಾರಿ ಬಾವಿಯ ನೀರಿನಲ್ಲಿ ತೇಲುತ್ತಿದ್ದವು. ಬಾವಿಯ ದಂಡೆಯ ಮೇಲೆ, ಈಗ ಇಲ್ಲದ ನನ್ನಪ್ಪನನ್ನು ಕೆಂಪು ಚಡ್ಡಿಯ ಹುಡುಗನಾಗಿ ಕೂರಿಸಿದ್ದೆ. ಅಪ್ಪನೊಬ್ಬ ಕೂತಲ್ಲೇ ಇದ್ದ.

"ಇಸ್ತ್ರಿ ಪೆಟ್ಟಿಗಿ ಐತೇನವಾ?" ಎಂದು, ಮೇಣ ಕಾಯಿಸಿ ಗೂಡುಗಳನ್ನು ಮೇಲೆತ್ತುವ ಆಸೆಯಿಂದ, ಸೊಸೆಯನ್ನು ಕೇಳುವಷ್ಟರಲ್ಲಿ ಅತ್ತೆ ಚಿತ್ರವನ್ನು ಎಳೆದುಕೊಂಡು, ಮೂಗು ತಾಗುವಷ್ಟು ಹತ್ತಿರ ಹಿಡಿದಳು. ಭುಜ ಕುಲುಕತೊಡಗಿದವು. ಅಳುತ್ತಿದ್ದಾಳೆಂದು ಬಗ್ಗಿದೆ. ನೋಡಿದರೆ ಅತ್ತೆ ನಗುತ್ತಿದ್ದಳು.

"ಇದನ್ನ ನಿನಗ ಯಾರ ಹೇಳಿದ್ರೋ? ಒಂದ ವರ್ಷ ಗಾಳಿಗೆ ಗೂಡೆಲ್ಲಾ ಹಿಂಗ ಬಾವ್ಯಾಗ ಬಿದ್ದಿದ್ವು. ಒಳಗ ಮರಿ ಅದಾವು ಅಂತ ನಾ ಹೊರಳಾಡಿ ಅತ್ತಿದ್ದೆ. ನಿಮ್ಮಪ್ಪ ಇಳದು ಒಂದೊಂದ ತಗದ ತಂದಾ. ಮನ್ಯಾಗ ಹೊಡತಾ ತಿಂದಾ."

ಇಂಜಿನ್ನಿನ ವಿಷಯ ನಾನು ಎತ್ತಲಿಲ್ಲ. ಕಲೆಯ ಗುಟ್ಟುಗಳನ್ನೆಲ್ಲ ಬಿಚ್ಚಿ ಹೇಳಬಾರದು.

ಅತ್ತೆಯ ಬೆರಳು ಮೇಣದ ಮೇಲೆ ಹರಿದಾಡುತ್ತ ದಂಡೆಗೆ ಬಂದು, ಉಬ್ಬಿದ ಸಣ್ಣ ಆಕಾರದ ಮೇಲೆ ನಿಂತಿತು.

"ಇಂವ ಯಾರು?"

"ಅಪ್ಪ."

ಬಹಳ ಹೊತ್ತು ಬೆರಳು ಅಲ್ಲಿಂದ ಏಳಲಿಲ್ಲ. ಆಮೇಲೆ ಗದರಿದಳು:

"ಗೂಡೆಲ್ಲಾ ನೀರಾಗ ಬಿದ್ದಾವು, ಇಂವ ನೋಡಿದ್ರ ಇನ್ನೂ ದಂಡಿ ಮ್ಯಾಲ ಕುಂತಾನ! ನಾಳೆ ಇನ್ನೊಂದೀಟ ಬಿಸಲಾಗ ಇಡೋ ತಮ್ಮಾ. ಇಂವನೂ ಇಳೀಲಿ."